ಚುಕ್ಕಿರಾಯನ ಅಕ್ಕ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುವವನಿಗೆ ಎಲ್ಲರೂ ಇಟ್ಟ ಹೆಸರು ಚುಕ್ಕಿರಾಯ. ಸುಮ್ಮಸುಮ್ಮನೆ ಇಟ್ಟದ್ದೇನಲ್ಲ. ಅಲ್ಲಿಯ ಕ್ಯಾಮೆರಾಕ್ಕೆ ವಯಸ್ಸಾಗಿತ್ತು. ತಿಂಗಳು ತಿಂಗಳೂ ಹೊಸ ಬಿಳಿಚುಕ್ಕಿಗಳು ಏಳುತ್ತಿದ್ದವು, ಯಾರ ಎದೆಯ ಚಿತ್ರ ತೆಗೆದರೂ ಮೇಲೆ ರವೆ ಚೆಲ್ಲಿದ ಹಾಗೆ. ಹೊಸದು ಕೊಡಿಸಿ ಅಂತ ಕೇಳಿ ಕೇಳಿ ಇವನ ಬಾಯಿ ಸೋತಿತು. ಮೇಲಿನವರು ಕಿವಿಗೆ ಹಾಕಿಕೊಂಡರೆ ತಾನೆ!

ಸರಿ, ಇವನೇ ಹಟ ಹಿಡಿದು ಕೂತ. ದಿನಾ ಬೆಳಿಗ್ಗೆ ಯಾರನ್ನೂ ನಿಲ್ಲಿಸದೆ ಒಂದು ಖಾಲಿ ಚಿತ್ರ ತೆಗೆಯುವುದು, ಅದರಲ್ಲಿ ಕಂಡ ಚುಕ್ಕಿಗಳಿಗೆ ಗುರುತು ಹಾಕುವುದು. ಗುರುತಾದ ಜಾಗವನ್ನು ಕಂಪ್ಯೂಟರು ಅಕ್ಕಪಕ್ಕದ ಬಣ್ಣ ನೋಡಿ ಮುಚ್ಚಿಬಿಡುತ್ತಿತ್ತು. ಆದರೂ ಮಧ್ಯಾಹ್ನದೊಳಗೆ ಹೊಸವು ಎದ್ದರೆ? ಅದಕ್ಕೂ ದಾರಿ ಹುಡುಕಿದ. ಗುರುತಿರಲಿ ಬಿಡಲಿ, ಹೆಸರುಕಾಳಿನ ಗಾತ್ರದವರೆಗೆ ಒಂಟಿಯಾಗಿ ಬೆಳ್ಳಗೆ ಕಂಡದ್ದನ್ನೆಲ್ಲ ಒರೆಸಿಹಾಕು ಅಂತ ಕಂಪ್ಯೂಟರಿಗೆ ಹೇಳಿಕೊಟ್ಟ. ಚಿತ್ರ ಬೆಣ್ಣೆಯ ಹಾಗೆ ನುಣ್ಣಗಾಯಿತು. "ಭಲೇ, ಮುದುಕಿಗೆ ಹರೆಯ ಬಂತಲ್ಲಯ್ಯ!" ಅಂದರು ಡಾಕ್ಟರು. ಬಡಪಾಯಿ, ಒಂದು ವಾರ ಇವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇವನನ್ನು ಸಾಕಿದ್ದು ಅಕ್ಕ. ತಾಯಿ ಹೋದಾಗ ಇವನಿಗೆ ಆರು, ಅವಳಿಗೆ ಹದಿನಾರು. ಹೊಲಿಗೆ ಯಂತ್ರ ತುಳಿದು ತುಳಿದು ಇವನನ್ನು ಓದಿಸಿದಳು, ತನ್ನ ಮದುವೆಯ ಮಾತೇ ಎತ್ತಲಿಲ್ಲ. ಆ ಅಕ್ಕನಿಗೆ ಕೆಮ್ಮು ಹಿಡಿದಾಗ, "ಬಾ ಅಕ್ಕ, ನಾನೇ ತೆಗೀತೀನಿ" ಅಂತ ಕರೆತಂದ. ಗದ್ದ ಎತ್ತಿ, ಭುಜ ಸರಿಮಾಡಿ, ಉಸಿರು ಬಿಗಿಹಿಡಿ ಅಂದ. ಚಿತ್ರ ಚೊಕ್ಕವಾಗಿ ಬಂತು. ಡಾಕ್ಟರು ನೋಡಿ ಏನೂ ಇಲ್ಲ ಅಂದರು.

ಕೆಮ್ಮು ಮಾತ್ರ ಹೋಗಲಿಲ್ಲ. ಬೇರೆ ಕಡೆ ತೋರಿಸು ಅಂತ ಪಕ್ಕದ ಮನೆಯವಳು ಹೇಳಿದರೆ, "ನನ್ನ ತಮ್ಮನೇ ತೆಗೆದಿದಾನೆ, ಇನ್ನೇನೇ ಬೇಕು?" ಅಂತ ಅವಳ ಬಾಯಿ ಮುಚ್ಚಿಸುತ್ತಿದ್ದಳಂತೆ. ಹತ್ತು ತಿಂಗಳಾದ ಮೇಲೆ ಹೊಲಿಯುತ್ತಿದ್ದ ಬಟ್ಟೆಯ ಮೇಲೆ ರಕ್ತ ಬಿತ್ತು. ಮತ್ತೆ ನಿಲ್ಲಿಸಿ ತೆಗೆದ. ಬಲಗಡೆ ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಕೂತಿತ್ತು. ಈ ಸಲ ಅದನ್ನು ಯಾವ ಕಂಪ್ಯೂಟರಿಗೂ ಒರೆಸಲಾಗಲಿಲ್ಲ. ಎಲ್ಲ ಕಡೆ ಹರಡಿದೆ, ಇನ್ನು ನಮ್ಮ ಕೈಲೇನಿಲ್ಲ ಅಂದರು ಡಾಕ್ಟರು.

ಒರೆಸುವ ಮುಂಚಿನ ಮೂಲ ಚಿತ್ರಗಳು ಕಂಪ್ಯೂಟರಿನ ಒಂದು ಮೂಲೆಯಲ್ಲಿ ಬಿದ್ದಿರುತ್ತವೆ. ಅವನ್ನು ಯಾರೂ ತೆರೆಯುವುದಿಲ್ಲ. ಇವನು ತೆರೆದ. ಹತ್ತು ತಿಂಗಳ ಹಿಂದಿನ ಅಕ್ಕನ ಎದೆ, ರವೆಯಂಥ ಚುಕ್ಕಿಗಳ ನಡುವೆ ಬಲಗಡೆ ಅದೇ ಜಾಗದಲ್ಲಿ ಒಂದು ಹೆಸರುಕಾಳು. ಅಂದಿನ ಖಾಲಿ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದ. ಅದರಲ್ಲಿ ಆ ಚುಕ್ಕಿ ಇರಲಿಲ್ಲ. ಕ್ಯಾಮೆರಾದ್ದಲ್ಲ, ಅಕ್ಕನದು.

ಮುಚ್ಚಿಡೋಣ ಅಂದರೆ ಅಕ್ಕನ ಮುಖ ನೋಡಲಿಕ್ಕಾಗಲಿಲ್ಲ. ಸಂಜೆ ಮಂಚದ ಪಕ್ಕ ಕೂತು ಎಲ್ಲ ಹೇಳಿಬಿಟ್ಟ.

"ಆಗಲೇ ಗೊತ್ತಾಗಿದ್ರೆ?" ಕೇಳಿದಳು ಅಕ್ಕ.

"ಕೊಯ್ದು ತೆಗೆದುಬಿಡಬಹುದಿತ್ತು."

"ನಿನ್ನನ್ನ ಏನಂತ ಬೈಯಲೋ," ಅಂದಳು. ಅಳು ಬಂತು, ಅತ್ತಳು. ಆಮೇಲೆ ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದಂತೆ ಅವನ ಮುಂಗೈ ಹಿಡಿದುಕೊಂಡಳು.

"ಬೇರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ."

"ಹಾಗಾದ್ರೆ ಅದನ್ನೂ ಅಳಿಸಿಬಿಡು. ನಾನಂತೂ ಹೋಗೋಳು. ನಿನ್ನ ಕೆಲಸ ಯಾಕೆ ಹೋಗಬೇಕು?"

ಅವನು ತಲೆ ಎತ್ತಲಿಲ್ಲ. "ನಿನ್ನದೊಂದೇ ಅಲ್ಲ ಕಣಕ್ಕ. ಒರೆಸೋಕೆ ಶುರುಮಾಡಿದ ಮೇಲೆ ನಾಲ್ಕು ಸಾವಿರ ಜನರ ಎದೆ ತೆಗೆದಿದೀನಿ."

ಅಕ್ಕ ಅವನ ಕೈ ಬಿಟ್ಟಳು.