ಕೂಸಿಗೆ ಎರಿಯೋ ಕೈ

ಎದಿಯಾಗಿನ ಗಂಟು ತಗದು, ರೇಡಿಯೇಶನ್ನಿನ ಕರೆಂಟ್ ಕೊಟ್ಟು, ಎಲ್ಲಾ ಮುಗೀತು ಅಂತ ದಾಂಡೇಲಿಗೆ ಬಂದ್ರ ಅದರ ಬೆನ್ನಹಿಂದನ ಗುಳಿಗಿ ಬಂತು. ದಿನಾ ಒಂದು, ಐದು ವರ್ಷ. ಮುಟ್ಟು ನಿಂತ ಮ್ಯಾಲೂ ಮೈಯಾಗ ಹೆಣ್ಣಿನ ಹಾರ್ಮೋನು ಚೂರು ಹುಟ್ತಿರತೈತಂತ, ಕ್ಯಾನ್ಸರಿಗೆ ಅದ ಗೊಬ್ಬರಂತ, ಗುಳಿಗಿ ಅದನ್ನ ತಡೀತೈತಂತ. ಹುಬ್ಬಳ್ಳಿ ಡಾಕ್ಟರು ಹೇಳಿದ್ರು, ನಾ ಹೂಂ ಅಂದೆ. ಆಗ ಎಲ್ಲಾದಕ್ಕೂ ಹೂಂ ಅಂತಿದ್ದೆ. ಅಳೂನೂ ಬರ್ತಿದ್ದಿಲ್ಲ, ಸಿಟ್ಟೂ ಬರ್ತಿದ್ದಿಲ್ಲ.

ಗುಳಿಗಿ ಶುರು ಆದ ಮ್ಯಾಲ ಮುಂಜಾನೆ ಬೆರಳು ಮಡಚಾಕ ಬರ್ತಿದ್ದಿಲ್ಲ. ಚಹಾದ ಕಪ್ಪು ಎರಡೂ ಕೈಲೆ ಹಿಡೀಬೇಕು. ರೊಟ್ಟಿ ಬಡಿಯೂದು ಬಿಟ್ಟೆ. ಮಿಲ್ಲಿನಿಂದ ರಿಟೈರ್ ಆದ ನಮ್ಮನಿಯವರು ಖಾನಾವಳಿ ರೊಟ್ಟಿ ತಂದು, "ಇವೂ ಛಲೋನ ಅದಾವ ಬಿಡು" ಅಂದ್ರು. ನನಗೇನೂ ಅನ್ನಿಸಲಿಲ್ಲ.

ಮಗಳು ಮುಂಡಗೋಡದಿಂದ ಹೆರಿಗಿಗೆ ಬಂದಳು. ಕೂಸಿಗೆ ಎರಿಯೂದು ನಮ್ಮಲ್ಲಿ ಅಜ್ಜಿ ಕೆಲಸ. ಕಾಲು ಚಾಚಿ ಕೂತು, ಕಾಲ ಮ್ಯಾಲ ಕೂಸಿನ್ನ ಹಾಕ್ಕೊಂಡು, ಎಣ್ಣಿ ತಿಕ್ಕಿ ಬಿಸಿನೀರು ಹಾಕಬೇಕು. ಎಣ್ಣಿ ಹಚ್ಚಿದ ಕೂಸು ಜಾರತೈತಿ, ಹಿಡಿಯಾಕ ಬೆರಳು ಗಟ್ಟಿ ಬೇಕು. ಕೂಸು ಕುತ್ತಿಗಿ ನಿಲ್ಲಿಸೂತನಕ ಗುಳಿಗಿ ಬಿಡ್ತೇನಿ ಅಂತ ಊಟಕ್ಕ ಕೂತಾಗ ಮಗಳ ಮುಂದ ಅಂದೆ.

ಆಕಿ ತಾಟು ದೂಡಿದಳು. "ಹುಚ್ಚು ಹಿಡದೈತೇನವ್ವಾ ನಿನಗ? ಕೂಸಿಗೆ ನಿನ್ನ ಕೈ ಬೇಕು, ನೀ ಬ್ಯಾಡೇನು?" ಅಂತ ಗಳಗಳ ಅತ್ತಳು. ಚೆಲ್ಲಿದ ಸಾರು ನಾ ಒರಸಿದೆ. ಆಕಿ ಅಳು ನಿಲ್ಲಲಿ ಅಂತ ಗುಳಿಗಿ ನುಂಗಿದೆ, ಅಷ್ಟ. ಅವತ್ತಿನಿಂದ ದಿನಾ ಆಕೀನ ಗುಳಿಗಿ ತಂದು ಕೈಯಾಗ ಇಡತಿದ್ದಳು.

ಹೆಣ್ಣು ಕೂಸು ಹುಟ್ಟಿತು. ಎರಿಯೋ ದಿನ ನಾ ಬಚ್ಚಲದ ಬಾಗಿಲಾಗ ನಿಂತ ಬಿಟ್ಟೆ. ಮಗಳು ತಲಿಗೆ ಸ್ಕಾರ್ಫ್ ಕಟ್ಕೊಂಡು ತಾನ ಒಳಗ ಬಂದಳು.

"ಬಾಣಂತಿ ಎರೀತಾಳೇನು? ಓಣಿಯವರು ಆಡ್ಕೋತಾರ" ಅಂದೆ.

"ಆಡ್ಕೊಳ್ಳಲಿ. ನೀ ಕೂತು ಕಾಲು ಚಾಚು."

ಚಾಚಿದೆ. ಕೂಸಿನ್ನ ನನ್ನ ಕಾಲ ಮ್ಯಾಲ ಮಲಗಿಸಿ, ತಾನ ಎಣ್ಣಿ ತಿಕ್ಕಿದಳು, ತಾನ ತಂಬಿಗಿಲೆ ನೀರು ಹಾಕಿದಳು. ಜಾರದಂಗ ಕಾಲು ಜೋಡಿಸಿ ಕೂಡೂದಷ್ಟ ನನ್ನ ಕೆಲಸ. ನಡುವ ಕೂಸು ನನ್ನ ಮ್ಯಾಲ ಬೆಚ್ಚಗ ಉಚ್ಚಿ ಹೊಯ್ತು.

"ಎಲಾ ಇಕೀನ!" ಅಂದೆ. ನಗು ಬಂತು, ನಗೂವಾಗನ ಅಳು ಬಂತು, ನಿಲ್ಲಲಿಲ್ಲ.

ಮಗಳು ಗಾಬರಿಯಾಗಿ ತಂಬಿಗಿ ಕೆಳಗಿಟ್ಟಳು. "ಕಾಲು ನೋಯತೈತೇನವ್ವಾ?"

"ಇಲ್ಲ. ಇವತ್ತಿನ ಗುಳಿಗಿ ಇನ್ನೂ ಕೊಟ್ಟಿಲ್ಲ ನೀ," ಅಂದೆ. "ಮೊದಲ ಅದನ್ನ ಕೊಡವಾ."