ಜಾಫರ್ ಸಾಬರ ದಾರಿಗೆ ಅಡ್ಡ ಬಂದ ಬೇವು

ಹರಿಹರದ ಮಸೀದಿಯಲ್ಲಿ ಬೆಳಗಿನ ನಮಾಜು ಮುಗಿದಿದೆ. ಹೊಳೆ ಕಡೆಯಿಂದ ತಣ್ಣನೆ ಗಾಳಿ ಬರುತ್ತಿದೆ. ಜಾಫರ್ ಸಾಬರು ಮನೆಗೆ ಬಂದವರೇ ಚಹಾ ಕೂಡ ಕುಡಿಯದೆ, ಲುಂಗಿ ಎತ್ತಿ ಕಟ್ಟಿ, ಹೆಗಲ ಮೇಲೊಂದು ಒದ್ದೆ ಬಟ್ಟೆ ಹಾಕಿಕೊಂಡು ತಾರಸಿಯ ಏಣಿ ಹತ್ತುತ್ತಾರೆ. ಮೇಲೆ ಒಂದು ಕಬ್ಬಿಣದ ಕಂಬ, ಅದಕ್ಕೆ ಮೊರದಗಲದ ಮೂರು ಡಿಶ್ಶುಗಳು. ಒಂದು ಬಾತಿ ಕಡೆ ಮುಖ ಮಾಡಿದೆ, ಒಂದು ಊರೊಳಕ್ಕೆ, ಇನ್ನೊಂದು ಕೊಂಡಜ್ಜಿಯತ್ತ. ನಸುಕಿನಲ್ಲೇ ಕಾಗೆಯೊಂದು ಬಾತಿಯ ಡಿಶ್ಶಿನ ಮೇಲೆ ಕೂತು ತನ್ನ ಕೆಲಸ ಮುಗಿಸಿ ಹೋಗಿದೆ.

"ಇಷ್ಟು ದೊಡ್ಡ ಹರಿಹರದಾಗೆ ನಿನಗೆ ಬೇರೆ ಜಾಗಾನೇ ಸಿಗ್ಲಿಲ್ವಾ ಮಾರಾಯ," ಎಂದು ಇಲ್ಲದ ಕಾಗೆಯನ್ನು ಬೈಯುತ್ತ ಅವರು ಡಿಶ್ಶನ್ನು ಒರೆಸುತ್ತಾರೆ. ಕಂಬದ ತಂತಿಗಳನ್ನು ಒಂದೊಂದಾಗಿ ಜಗ್ಗಿ ನೋಡುತ್ತಾರೆ. ಬಾತಿ ಕಡೆ ನೋಡುತ್ತಾರೆ, ಊರಿನ ಕಡೆ ನೋಡುತ್ತಾರೆ. ಕೊಂಡಜ್ಜಿ ಕಡೆ ಮಾತ್ರ ನೋಡುವುದಿಲ್ಲ. ನೋಡಿದರೆ ಮನೆಯ ಹಿಂದಿನ ದಿಬ್ಬ ಕಾಣುತ್ತದೆ. ಅದು ಖಬರಸ್ತಾನ. ಅಲ್ಲಿ ಅವರ ಹೆಂಡತಿ ಶಹರ್ಬಾನು ಮಲಗಿದ್ದಾರೆ. ಅವರ ತಲೆಯ ಬಳಿ ಜಾಫರ್ ಸಾಬರೇ ಕೈಯಾರೆ ನೆಟ್ಟ ಬೇವಿನ ಗಿಡ ಈಗ ಮರವಾಗಿದೆ. ಕೊಂಡಜ್ಜಿಗೆ ಹೋಗುವ ಇಂಟರ್‌ನೆಟ್ಟಿಗೆ ನಟ್ಟನಡುವೆ ನಿಂತಿರುವುದು ಅದೇ ಮರ.

ಕಡಿದರೆ ಹೆಂಡತಿಯ ನೆರಳು ಹೋಗುತ್ತದೆ. ಬಿಟ್ಟರೆ ಕೊಂಡಜ್ಜಿಯ ಮನೆಗಳ ನೆಟ್ಟು ಹೋಗುತ್ತದೆ. ಹೋದ ಮಳೆಗಾಲದಿಂದ ಜಾಫರ್ ಸಾಬರ ತಲೆಯಲ್ಲಿ ಕೊರೆಯುತ್ತಿರುವುದು ಇದೊಂದೇ.

ಜಾಫರ್ ಸಾಬರು ಹುಟ್ಟಿದ್ದು ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ. ಅಪ್ಪ ಭಟ್ಟಿಯ ಮುಂದೆ ನಿಂತು ಮಂಡಕ್ಕಿ ಹುರಿಯುತ್ತಿದ್ದವರು. ಮಗನಿಗೆ ಬೆಂಕಿ ಬೇಡವಾಯಿತು, ಎತ್ತರ ಬೇಕಾಯಿತು. ಪಿ.ಜೆ. ಬಡಾವಣೆಯ ಮನೆಗಳಿಗೆ ಕೇಬಲ್ ಟಿವಿಯ ವೈರು ಎಳೆಯುತ್ತ, ತಾರಸಿಯಿಂದ ತಾರಸಿಗೆ ಜಿಗಿಯುತ್ತ ಹರೆಯ ಕಳೆಯಿತು. ಮದುವೆಯಾಗಿ ಹರಿಹರಕ್ಕೆ ಬಂದರು. ಕೇಬಲ್ಲಿನ ಕಾಲ ಮುಗಿಯುತ್ತ ಬಂದಾಗ, ವೈರಿಲ್ಲದೆ ಗಾಳಿಯಲ್ಲೇ ಇಂಟರ್‌ನೆಟ್ ಕಳಿಸಬಹುದೆಂದು ಯಾರೋ ಹೇಳಿದರು. ಗಂಡಹೆಂಡತಿ ಇಬ್ಬರೂ ಕೂತು ಯೋಚಿಸಿ ಕೈ ಹಾಕಿಯೇಬಿಟ್ಟರು.

ಈ ಧಂದೆಯ ಗುಟ್ಟು ದೊಡ್ಡದೇನಲ್ಲ. ಒಂದು ಡಿಶ್ಶು ಇನ್ನೊಂದು ಡಿಶ್ಶನ್ನು ಕಣ್ಣಾರೆ ನೋಡುವಂತಿರಬೇಕು, ನಡುವೆ ಏನೂ ಅಡ್ಡ ಬರಬಾರದು. ದಾವಣಗೆರೆಯಿಂದ ಬಾತಿಯ ಒಂದು ಮನೆಯ ಮೇಲಕ್ಕೆ, ಅಲ್ಲಿಂದ ಜಾಫರ್ ಸಾಬರ ತಾರಸಿಗೆ, ಅಲ್ಲಿಂದ ಕೊಂಡಜ್ಜಿಗೆ. ನೆಟ್ಟು ಹೀಗೆ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತದೆ. ಅದಕ್ಕೇ ಜಾಫರ್ ಸಾಬರಿಗೆ ಮರ ಕಂಡರಾಗದು. ಮದುವೆ ಮನೆಗೆ ಹೋದರೂ ಮೊದಲು ತಲೆ ಎತ್ತಿ ಸುತ್ತಲಿನ ತೆಂಗು ಎಷ್ಟು ಎತ್ತರ ಎಂದು ನೋಡುತ್ತಾರೆ.

"ಅದರಾಗೂ ಬೇವು ಭಾಳ ಮೋಸದ ಮರ ನೋಡ್ರಿ," ಎನ್ನುತ್ತಾರೆ ಅವರು. "ಶಿವರಾತ್ರಿ ಹೊತ್ತಿಗೆ ಎಲೆ ಉದುರಿಸಿ ಬೋಳಾಗಿ ನಿಂತಿರ್ತೈತೆ. ಲೈನ್ ಕ್ಲಿಯರ್ ಐತೆ ಅಂತ ನಾವು ಡಿಶ್ ಕೂರಿಸಿ ಬರ್ತೀವಿ. ಮಳೆ ಬಿತ್ತೋ, ಎಲೆ ತುಂಬಿ, ನೀರು ಹಿಡಕೊಂಡು, ನೆಟ್ಟನ್ನ ಕುಡಿದೇಬಿಡ್ತೈತೆ."

ಜಾಫರ್ ಸಾಬರು ಕಂಬ ಹತ್ತುವ ಕೆಲಸ ನೋಡಿಕೊಂಡರೆ, ಫೋನು ಶಹರ್ಬಾನು ಅವರದು. ಗಿರಾಕಿಗಳಿಗೆ ಕೊಟ್ಟಿದ್ದು ಅವರ ನಂಬರನ್ನೇ. ನೆಟ್ ಹೋಯಿತೆಂದು ಕೂಗಾಡುತ್ತ ಫೋನು ಮಾಡಿದವರನ್ನು ಅವರು ಮೊದಲು "ಊಟ ಆತಾ?" ಎಂದು ಕೇಳುತ್ತಿದ್ದರು. ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಧ್ವನಿ ಕೇಳಿದರೆ ಸಾಕು, ಯಾವ ಓಣಿಯ ಯಾವ ಮನೆ ಎಂದು ಹೇಳಿಬಿಡುತ್ತಿದ್ದರು. ಅವರ ಮುಖ ನೋಡದವರೂ ಅವರನ್ನು ಶಹರಕ್ಕ ಎನ್ನುತ್ತಿದ್ದರು.

ಕೊರೊನಾದ ಎರಡನೇ ವರ್ಷದ ಬೇಸಿಗೆಯಲ್ಲಿ ಶಹರ್ಬಾನು ಜ್ವರ ಬಂದು ಮಲಗಿದರು. ಮಲಗಿಯೂ ಫೋನು ಬಿಡಲಿಲ್ಲ. ಶಾಲೆಗಳು ಬಾಗಿಲು ಹಾಕಿದ್ದವು, ಪಾಠ, ಪರೀಕ್ಷೆ ಎಲ್ಲ ಫೋನಿನಲ್ಲೇ. ಒಂದು ಮಧ್ಯಾಹ್ನ ಗಾಳಿ ಬೀಸಿ ಕೊಂಡಜ್ಜಿಯ ಡಿಶ್ಶು ತಿರುಗಿತು. ಏದುಸಿರು ಬಿಡುತ್ತಲೇ ಅವರು ಗಂಡನಿಗೆ ಹೇಳಿದರು, ಕೊಂಡಜ್ಜಿ ಕಡೆ ನೆಟ್ ಹೋಗಿದೆಯಂತೆ, ಮಕ್ಕಳಿಗೆ ಪರೀಕ್ಷೆ ಇದೆಯಂತೆ, ನನಗೇನೂ ಆಗಿಲ್ಲ, ಹೋಗಿ ಬನ್ನಿ. ಜಾಫರ್ ಸಾಬರು ಹೋದರು. ಡಿಶ್ಶು ಸರಿಮಾಡಿ ಕೆಳಗಿಳಿದು ನೋಡಿದರೆ, ಫೋನಿನ ತುಂಬ ಮಗಳು ಆಮ್ನಾಳ ಕರೆಗಳು. ಅಷ್ಟರಲ್ಲಿ ಅವಳು ಅಮ್ಮಿಯನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿಯಾಗಿತ್ತು. ಗಂಡನನ್ನು ಒಳಗೆ ಬಿಡಲಿಲ್ಲ. ಮೂರನೇ ದಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು.

"ಆಕಿ ನನಗೆ ಹೇಳಿದ ಕಡೇ ಮಾತು, ಕೊಂಡಜ್ಜಿ ನೆಟ್ ಸರಿಮಾಡ್ರಿ ಅಂತ," ಎನ್ನುತ್ತಾರೆ ಜಾಫರ್ ಸಾಬರು. ಕಣ್ಣೊರೆಸಿಕೊಳ್ಳಲು ಅವರು ನಾಚುವುದಿಲ್ಲ.

ಗೋರಿಯ ಮೇಲೆ ಹಸಿರಿದ್ದರೆ ಒಳಗಿರುವವರಿಗೆ ತಂಪು ಎನ್ನುವುದು ಇವರಲ್ಲಿ ಹಿಂದಿನಿಂದ ಬಂದ ನಂಬಿಕೆ. ಮೊದಲ ಮಳೆ ಬಿದ್ದ ಮಾರನೆ ದಿನ ಜಾಫರ್ ಸಾಬರು ಒಂದು ಬೇವಿನ ಸಸಿ ತಂದು ಹೆಂಡತಿಯ ತಲೆಯ ಬಳಿ ನೆಟ್ಟರು. ಗಾವುದ ದೂರದ ತೆಂಗನ್ನು ಅಳೆಯುವ ಮನುಷ್ಯ, ತನ್ನ ಮನೆಯ ಹಿಂದೆ, ತನ್ನದೇ ಡಿಶ್ಶಿನ ಎದುರಿಗೆ, ದಿಬ್ಬದ ಮೇಲೆ, ಅದೂ ಬೇವು! ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಅಂದು ಅವರ ಕಣ್ಣಿಗೆ ಲೈನೂ ಕಾಣಲಿಲ್ಲ, ಮರವೂ ಕಾಣಲಿಲ್ಲ. ದಿನಾ ಸಂಜೆ ಕೊಡದಲ್ಲಿ ನೀರು ಹೊತ್ತು ಹಾಕಿ ಬೆಳೆಸಿದರು.

ಹೋದ ಮಳೆಗಾಲದಲ್ಲಿ ಕೊಂಡಜ್ಜಿಯ ನೆಟ್ಟು ತಡವರಿಸತೊಡಗಿತು. ಜಾಫರ್ ಸಾಬರು ಕೇಬಲ್ ಬದಲಿಸಿದರು, ಪಿನ್ನು ಬದಲಿಸಿದರು, ಕೊನೆಗೆ ಡಿಶ್ಶನ್ನೇ ಬದಲಿಸಿದರು. ಕಾರಣ ಮೊದಲ ದಿನವೇ ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ ಅಷ್ಟೆ. ಕಂಬ ಎತ್ತರಿಸಿದರು. ಹಳೆಯ ಮಾಳಿಗೆ ತಡೆಯದೆ ಬಿರುಕು ಬಿಟ್ಟಿತು, ಮತ್ತೆ ಇಳಿಸಬೇಕಾಯಿತು. ಎತ್ತರದ ಮನೆಯವರನ್ನು ಹೋಗಿ ಕೇಳಿದರೆ, "ಡಿಶ್ ಹಾಕಿದ್ರೆ ಮನ್ಯಾಗಿನೋರಿಗೆ ಕಾಯಿಲೆ ಬರ್ತೈತಂತೆ, ಬ್ಯಾಡ ಸಾಬ್ರೇ," ಎಂದು ಬಾಗಿಲಲ್ಲೇ ಕೈ ಮುಗಿದರು. ಹಾಗೆಂದವರ ಕೈಯಲ್ಲಿ ಆ ಹೊತ್ತಿಗೂ ಫೋನಿತ್ತು.

ಇಷ್ಟೆಲ್ಲ ಪಾಡು ಪಡುವುದಾದರೂ ಏಕೆ ಎಂದು ಯಾರಾದರೂ ಕೇಳಬಹುದು. ದೊಡ್ಡ ಕಂಪನಿಗಳ ವೈರು ಬಂದ ಮೇಲೆ ಹರಿಹರದ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡಿದ್ದಾರೆ. ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ಆಮ್ನಾ, "ಸಾಕು ಅಬ್ಬಾ, ಮುಚ್ಚಿಬಿಡ್ರಿ" ಎಂದು ಎಷ್ಟೋ ಸಲ ಹೇಳಿದ್ದಾಳೆ. ಆದರೆ ಕೊಂಡಜ್ಜಿಯಾಚೆ, ಗುಡ್ಡದ ಮರೆಯ ಹೊಲಗಳ ನಡುವೆ, ಒಂದಿಷ್ಟು ಮನೆಗಳಿಗೆ ಇನ್ನೂ ಯಾರ ವೈರೂ ಹೋಗಿಲ್ಲ. ಮೊಬೈಲಿನ ಸಿಗ್ನಲ್ಲೂ ಅಲ್ಲಿ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಅಂಥದೊಂದು ಮನೆ ಹೊನ್ನಕ್ಕನದು.

ಹೊನ್ನಕ್ಕ, ಉಚ್ಚೆಂಗಪ್ಪ ದಂಪತಿಯ ಮಗಳು ಕೀರ್ತನಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತ ಪಿ.ಜೆ. ಬಡಾವಣೆಯ ಹಾಸ್ಟೆಲಿನಲ್ಲಿದ್ದಾಳೆ. ಸಂಜೆಯಾದರೆ ವಿಡಿಯೊದಲ್ಲಿ ತಾಯಿಯ ಜೊತೆ ಕೈಸನ್ನೆಯ ಮಾತು. ಹೊನ್ನಕ್ಕನಿಗೆ ಓದು ಬಾರದು, ಆದರೆ ಮಗಳ ಕೈಮಾತು ಪೂರ್ತಿ ಬರುತ್ತದೆ. ಉಚ್ಚೆಂಗಪ್ಪನಿಗೆ ಬರುವುದು ಮೂರೇ ಸನ್ನೆ: ಉಂಡೆಯಾ, ಮಳೆ ಬಂತು, ಊರಿಗೆ ಬಾ. ಅದೇ ಮೂರನ್ನು ದಿನಾ ತಿರುಗಿಸಿ ಮುರುಗಿಸಿ ಮಾಡುತ್ತಾನೆ, ಮಗಳು ದಿನಾ ನಗುತ್ತಾಳೆ.

ಬೇವಿನ ಎಲೆ ನೆನೆದ ದಿನ ಈ ಮಾತು ಅರ್ಧಕ್ಕೇ ನಿಲ್ಲುತ್ತದೆ. ಈ ಮಳೆಗಾಲದ ಶುರುವಿನಲ್ಲಿ ಒಂದು ಸಂಜೆ ಕೀರ್ತನಾ ಕೈಯನ್ನು ಹಣೆಯ ಹತ್ತಿರ ತಂದಳು. ಚಿತ್ರ ಅಲ್ಲೇ ನಿಂತುಹೋಯಿತು.

"ತಲೆಗೆ ನೀರು ಹಾಕ್ಕಂಡೆ ಅಂತಾಳೆ ಅನ್ಕಂಡೆ ಕಣಣ್ಣ," ಎನ್ನುತ್ತಾರೆ ಹೊನ್ನಕ್ಕ. "ಆತು ಬಿಡವ್ವ, ಚೆಂದಾಗಿ ಒಣಗಿಸ್ಕೋ ಅಂತ ನಾನೂ ಕೈ ಮಾಡಿದೆ. ಕೂಸು ಜ್ವರದಾಗೆ ಸುಡ್ತಿತ್ತು. ಡೆಂಗಿ. ಆಸ್ಪತ್ರೆಗೆ ಸೇರಿಸಿದ ಮ್ಯಾಲೆ ಹಾಸ್ಟೆಲಿನೋರು ಹೇಳಿ ಕಳಿಸಿದ್ರು. ನನ್ನ ಮಗಳು ಸಾಯ್ತೀನಿ ಅಂದ್ರೂ ನಾನು ತಲೆ ಒಣಗಿಸ್ಕೋ ಅಂತಿದ್ನಲ್ಲ ಅಂತ ಎದೆ ಎದೆ ಬಡ್ಕಂಡೆ."

ಕೀರ್ತನಾ ಬದುಕಿ ಉಳಿದಳು. ಈ ಸಂಗತಿ ಕಿವಿಗೆ ಬಿದ್ದಾಗ ಜಾಫರ್ ಸಾಬರಿಗೆ ಅನ್ನ ಇಳಿಯಲಿಲ್ಲ.

ಕೆಲವು ದಿನಗಳ ಮೇಲೆ ಹೊನ್ನಕ್ಕ ಸಂತೆಗೆಂದು ಹರಿಹರಕ್ಕೆ ಬಂದವರು, ಜಾಫರ್ ಸಾಬರ ಮನೆ ಹುಡುಕಿಕೊಂಡು ಬಂದರು. ಜಗಳಕ್ಕಲ್ಲ. ಏನು ಅಡ್ಡ ಬಂದಿದೆ, ಒಮ್ಮೆ ತೋರಿಸಿ ಎಂದರು. ಸೀರೆ ಎತ್ತಿ ಕಟ್ಟಿ ಏಣಿಯನ್ನೂ ಹತ್ತಿದರು. ಜಾಫರ್ ಸಾಬರು ದಿಬ್ಬದ ಬೇವಿನತ್ತ ಕೈ ತೋರಿಸಿದರು.

"ಯಾರ ಗೋರಿ ಅಣ್ಣ ಅದು?"

"ಶಹರ್‌ದು, ಹೊನ್ನಕ್ಕ."

ಮುಖ ನೋಡದೆಯೇ ವರ್ಷಗಟ್ಟಲೆ ಫೋನಿನಲ್ಲಿ ಕಷ್ಟಸುಖ ಹಂಚಿಕೊಂಡಿದ್ದ ಗೆಳತಿ. ಹೊನ್ನಕ್ಕ ಅಲ್ಲೇ ತಾರಸಿಯ ಮೇಲೆ ಕೂತರು. ಸೆರಗಿನಿಂದ ಮೂಗೊರೆಸಿಕೊಂಡು ಎದ್ದವರು ಹೇಳಿದ್ದು ಒಂದೇ ಮಾತು. "ಕಡೀಬ್ಯಾಡ ಜಾಫರಣ್ಣ. ಸತ್ತೋರ ನೆರಳು ಕಡೀಬಾರ್ದು. ನನಗೇನು, ಬಸ್ ಐತೆ. ವಾರಕ್ಕೊಂದ್ಸಲ ಹೋಗಿ ಮಗಳ ಮಕ ನೋಡ್ಕಂಡು ಬರ್ತೀನಿ."

ಕಡಿ ಎಂದಿದ್ದರೆ ಜಾಫರ್ ಸಾಬರು ಏನಾದರೂ ನೆಪ ಹುಡುಕುತ್ತಿದ್ದರೋ ಏನೋ. ಬ್ಯಾಡ ಎಂದದ್ದೇ ಅವರಿಗೆ ತಡೆದುಕೊಳ್ಳಲಾಗಲಿಲ್ಲ.

ಮುಂದಿನ ಶುಕ್ರವಾರ ಅವರು ಖಬರಸ್ತಾನದ ಉಸ್ತುವಾರಿಯವರಿಗೆ ಹೇಳಿ, ಉದ್ದನೆ ಬಿದಿರಿಗೆ ಕುಡುಗೋಲು ಕಟ್ಟಿಕೊಂಡು ದಿಬ್ಬ ಹತ್ತಿದರು. ಆಮ್ನಾ ಜೊತೆಗಿದ್ದಳು. ಜಾಫರ್ ಸಾಬರು ಫಾತಿಹಾ ಓದಿದರು. ಆಮೇಲೆ ಗೋರಿಯ ಕಡೆ ಬಗ್ಗಿ, ಮನೆಯಲ್ಲಿ ಮಾತಾಡಿದ ಹಾಗೆಯೇ, "ಕೊಂಡಜ್ಜಿದು ಕಂಪ್ಲೇಂಟ್ ಬಂದೈತೆ ಶಹರ್. ಭಾಳ ದಿನ ಆತು. ನಾನೇ ತಡ ಮಾಡಿದೆ," ಎಂದರು. ಬಿದಿರು ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು. ತುದಿಯ ಕೊಂಬೆಗಳು ಒಂದೊಂದಾಗಿ ಮುರಿದು ಕೆಳಗೆ ಬಿದ್ದವು. ಹಸಿ ಬೇವಿನ ಕಹಿ ವಾಸನೆ ಮೂಗಿಗೆ ಅಡರಿತು. ಜಾಫರ್ ಸಾಬರು ಅತ್ತರು, ಕಡಿದರು, ನಿಂತರು, ಮತ್ತೆ ಕಡಿದರು. ಕಡಿದ ಸೊಪ್ಪನ್ನೆಲ್ಲ ಆಯ್ದು, ಒಂದೆಲೆಯನ್ನೂ ಹೊರಗೆ ಚೆಲ್ಲದೆ, ಹೆಂಡತಿಯ ಮೇಲೆ ಹೊದಿಸಿದರು.

ಮರ ಸತ್ತಿಲ್ಲ. ತುದಿ ಮೊಂಡಾಗಿ ನಿಂತಿದೆ. ಆ ಸಂಜೆ ಜೋರು ಮಳೆ. ಕೊಂಡಜ್ಜಿಯ ಮನೆಯಲ್ಲಿ ಕೀರ್ತನಾಳ ಕೈ ಎಲ್ಲೂ ನಿಲ್ಲದೆ ಆಡಿತು. ಉಚ್ಚೆಂಗಪ್ಪ ತನ್ನ ಮೂರೂ ಸನ್ನೆ ಮುಗಿಸಿದ. ಹೊನ್ನಕ್ಕ ಫೋನು ಮಾಡಿದರು, ಈಗ ಜಾಫರ್ ಸಾಬರ ಬಳಿಯಿರುವ ಶಹರ್ಬಾನು ಅವರ ಹಳೆಯ ನಂಬರಿಗೇ. ನೆಟ್ ಬಂತೆಂದು ಅವರು ಹೇಳಲಿಲ್ಲ, ಹೇಗೆ ಬಂತೆಂದು ಕೇಳಲಿಲ್ಲ. ಸುಮ್ಮನೆ ಅತ್ತರು. ಈಚೆಗಿದ್ದ ಜಾಫರ್ ಸಾಬರೂ ಫೋನು ಇಡಲಿಲ್ಲ.

ಬೇವು ಕಡಿದಷ್ಟೂ ಚಿಗುರುತ್ತದೆ. ಬರುವ ಮಳೆಗಾಲಕ್ಕೆ ಅವರು ಮತ್ತೆ ದಿಬ್ಬ ಹತ್ತಬೇಕು, ಅದರಾಚೆಯ ಮಳೆಗಾಲಕ್ಕೂ. ಕೊಂಡಜ್ಜಿಗೆ ಬೇರೆ ಯಾರದಾದರೂ ವೈರು ಬಂದು ಮುಟ್ಟುವ ತನಕ ಇದು ತಪ್ಪಿದ್ದಲ್ಲ. ನಿಮ್ಮದೇನಾದರೂ ಆಸೆ ಇದೆಯೇ ಎಂದರೆ ಜಾಫರ್ ಸಾಬರು ತಾರಸಿಯ ಕಟ್ಟೆಗೆ ಒರಗಿ, ಈಗ ಮುಖ ತಿರುಗಿಸದೆ, ದಿಬ್ಬವನ್ನೇ ನೋಡುತ್ತಾರೆ.

"ನನ್ನ ಜಾಗಾನೂ ಅಲ್ಲೇ ಐತ್ರಿ, ಆಕಿ ಮಗ್ಗುಲಿಗೆ. ಆಮ್ನಾಗೆ ಹೇಳಿಟ್ಟೀನಿ. ನನ್ನ ತಲೆ ಹತ್ರ ಮರ ಗಿರ ಹಚ್ಚಬ್ಯಾಡವ್ವ, ಲೈನು ಅಲ್ಲೇ ಹಾದು ಹೋಗೈತೆ. ಒಂದು ಕಾಮಕಸ್ತೂರಿ ಹಚ್ಚು, ಸಾಕು. ಅದು ಮೊಣಕಾಲಿಗಿಂತ ಎತ್ತರ ಬೆಳೆಯಾದಿಲ್ಲ."