ಬಲಗಡೆಯ ಹೂವು

ನನ್ನ ವಾರಗಿತ್ತಿ ಶಿವರುದ್ರಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ಒಳಗೊಂದು ಹೊರಗೊಂದು ನನಗೆ ಆಗುವುದಿಲ್ಲ. ಹೊಸ ಅಗ್ರಹಾರದ ಪಕ್ಕದ ಈ ಊರಿಗೆ ಅವಳು ಹಿರಿ ಸೊಸೆಯಾಗಿ ಬಂದಳು. ನಾನು ಪಿರಿಯಾಪಟ್ಟಣದ ಕಡೆಯಿಂದ ಕಿರಿ ಸೊಸೆಯಾಗಿ ಬಂದೆ. ಅವಳ ಗಂಡ ರುದ್ರಸ್ವಾಮಿ, ನನ್ನ ಗಂಡ ವಿರೂಪಾಕ್ಷ, ಅಣ್ಣತಮ್ಮಂದಿರು. ಗದ್ದೆ ಸಮಪಾಲಾಯಿತು, ಮನೆಗೆ ನಡುವೆ ಗೋಡೆ ಬಂತು, ದನಗಳೂ ಪಾಲಾದವು. ಪಾಲಾಗದೆ ಉಳಿದದ್ದು ಒಂದೇ, ದೇವರ ಮುಂದೆ ಹೂ ಕೇಳುವ ಹಕ್ಕು.

ನಮ್ಮ ಮನೆದೇವರು ಮೂಲೆ ಸಿದ್ಧೇಶ್ವರ. ಏನಾದರೂ ದೊಡ್ಡ ಕೆಲಸಕ್ಕೆ ಕೈ ಹಾಕಬೇಕಾದರೆ ಅವನ ಅಪ್ಪಣೆ ಬೇಕು. ಪೂಜಾರಿ ಕಂಠಪ್ಪ ಲಿಂಗದ ಬೆಳ್ಳಿ ಮುಖವಾಡದ ಎರಡು ಕಡೆಗೂ ಒದ್ದೆ ಹೂ ಅಂಟಿಸಿ ಪಕ್ಕಕ್ಕೆ ಸರಿಯುತ್ತಾನೆ. ಕೇಳುವವರು ಎದುರಿಗೆ ನಿಂತು ಮನಸ್ಸಿನಲ್ಲಿರುವುದನ್ನು ಕೇಳಬೇಕು. ಬಲಗಡೆಯ ಹೂ ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಈ ಮನೆಯಲ್ಲಿ ಕೇಳುವುದಕ್ಕೆ ಒಬ್ಬಳೇ ಹೆಂಗಸು. ಅತ್ತೆ ಸಾಯುವ ಮುಂಚೆ ಅದನ್ನು ಹಿರಿಯವಳಿಗೆ ಒಪ್ಪಿಸಿ ಹೋದರು. ಅತ್ತೆಯ ಕೊನೆಗಾಲದಲ್ಲಿ ಅವರ ಕಾಲು ಒತ್ತಿದವಳು ನಾನು, ದೇವರ ಮುಂದೆ ನಿಲ್ಲುವವಳು ಅವಳು. ನನ್ನ ತವರೂರ ಮಾರಮ್ಮನ ಮುಂದೆ ನಾನೇನು ಕಡಿಮೆ ಸಲ ನಿಂತಿದ್ದೇನೆಯೇ? ಹೂ ನೋಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗಿರುವಾಗ ಬಾವನಿಗೆ ಉಬ್ಬಸ ಶುರುವಾಯಿತು. ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದರೆ ಕೂರಬೇಕು. ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದರು. ಹಾರ್ಟು ದಪ್ಪಗಾಗಿದೆ, ಆಪರೇಷನ್ ಮಾಡಿ ಸರಿಪಡಿಸುವ ಹಾಗಿಲ್ಲ, ಮಾತ್ರೆ ತೆಗೆದುಕೊಂಡು ಭಾರದ ಕೆಲಸ ಬಿಟ್ಟು ಇರಬೇಕು ಎಂದರಂತೆ. ಎಷ್ಟು ದಿನ ಎಂದು ಡಾಕ್ಟರು ಹೇಳಲಿಲ್ಲ. ಬಾವ ಊಟ ಬಿಟ್ಟರು. ಜಗುಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಅವರ ಮಗಳು ಶಿವಾನಿ ಆಗ ಕೆ.ಆರ್. ನಗರಕ್ಕೆ ಕಾಲೇಜಿಗೆ ಹೋಗುತ್ತಿದ್ದವಳು, ಬಸ್ಸಿಗೆ ಹೊರಡುವಾಗಲೂ ಅಪ್ಪನನ್ನು ತಿರುಗಿ ತಿರುಗಿ ನೋಡುತ್ತಿದ್ದಳು.

ಗಂಡು ಮಗ ಇಲ್ಲದ ಮನೆ. ಬಾವನಿಗೆ ಏನಾದರೂ ಆದರೆ ಅವರ ಗದ್ದೆ ಉಳುವವರು ಯಾರು? ನಮ್ಮವರೇ. ಅದು ನನ್ನ ತಲೆಗೆ ಬರಲಿಲ್ಲ ಎಂದು ಹೇಳಿದರೆ ಆ ಸಿದ್ಧೇಶ್ವರನೇ ನಕ್ಕಾನು. ನಾಲೆಗೆ ಹತ್ತಿರದ ಗದ್ದೆ ಅದು, ನೀರು ಮೊದಲು ಅಲ್ಲಿಗೆ ಬರುತ್ತದೆ. ನನ್ನ ಮಗ ನಂಜುಂಡೇಶ್ ಬೈಕಿನಲ್ಲಿ ಹುಣಸೂರು ಸುತ್ತುವುದನ್ನು ಬಿಟ್ಟು ಅದನ್ನು ನೋಡಿಕೊಂಡಾನು ಎಂದೂ ಯೋಚಿಸಿದೆ. ಅವಳೂ ಮಗಳೂ ನಮ್ಮ ನೆರಳಿನಲ್ಲಿ ಇರುತ್ತಿದ್ದರು, ನಾನೇನು ಅವರಿಗೆ ಅನ್ನ ಹಾಕದೆ ಇರುತ್ತಿದ್ದೆನೇ? ಆದರೆ ಒಂದು ಸಲವಾದರೂ ಅವಳು ನನ್ನ ಬಾಗಿಲಿಗೆ ಬಂದು ನಿಲ್ಲಬೇಕು ಎನ್ನುವುದು ನನಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಅವಳು ಹೂ ಕೇಳಲು ಹೊರಟಳು. ಜೊತೆಗೆ ನಾನೂ ಹೋದೆ. ತಲೆಗೆ ನೀರು ಹಾಕಿಕೊಂಡು, ಹಣೆ ತುಂಬ ವಿಭೂತಿ ಇಟ್ಟುಕೊಂಡು, ದೇವರ ಎದುರಿಗೆ ನಿಂತಳು. ಇವರನ್ನು ಉಳಿಸಿಕೊಡು ಎಂದಷ್ಟೇ ಕೇಳಿದಳು, ನನಗೂ ಕೇಳಿಸಿತು. ನಾನು ಎಷ್ಟು ಕಾಯಬೇಕೋ ಎಂದು ಕಂಬಕ್ಕೆ ಒರಗುವಷ್ಟರಲ್ಲಿ ನನ್ನ ಬಲಗೈ ನೇರಕ್ಕಿದ್ದ ಹೂ ಪಟ್ಟನೆ ಬಿತ್ತು. ನನ್ನ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ನಾನು ಮಗನಿಗೋಸ್ಕರ ಹರಕೆ ಹೊತ್ತು ಹೊತ್ತು ಸುಸ್ತಾಗಿದ್ದೇನೆ, ಒಂದು ಸೂಚನೆಯೂ ಇಲ್ಲ. ಇವಳು ಬಾಯಿ ಬಿಟ್ಟರೆ ಸಾಕು, ದೇವರು ಕೈ ಜೋಡಿಸಿಕೊಂಡು ಕಾದಿರುತ್ತಾನೆ. ಅಲ್ಲಿ ನಿಂತು ಅವಳ ಮುಖದ ಸಂಭ್ರಮ ನೋಡಲು ನನ್ನಿಂದಾಗಲಿಲ್ಲ. ಕಂಠಪ್ಪ ಹೂ ಎತ್ತಿಕೊಳ್ಳಲು ಬಗ್ಗಿದ್ದ, ನಾನು ಹೊರಟುಬಿಟ್ಟೆ.

ಅವಳು ಬಂದು ಬೀಗುತ್ತಾ ಹೇಳುವುದಕ್ಕಿಂತ ನಾನೇ ಹೇಳಿ ಮುಗಿಸುವುದು ವಾಸಿ ಎನಿಸಿತು. ನೇರ ಜಗುಲಿಗೆ ಹೋದೆ.

"ಏಳಿ ಬಾವ, ಬಲ ಆಯ್ತು. ನಿಮ್ಮೆಂಡ್ತಿ ಕೇಳಿದ್ದೇ ತಡ, ಕೊಟ್ಬುಟ್ಟ" ಎಂದೆ.

ಬಾವ ಎದ್ದು ಕೂತರು. ನಿಜವೇ, ನೀನೇ ನೋಡಿದೆಯಾ ಎಂದು ಕೇಳಿದರು. ಕಣ್ಣಾರೆ ನೋಡಿದೆ ಎಂದೆ. ಆ ಮನುಷ್ಯ ಕಣ್ಣೊರೆಸಿಕೊಂಡು ಹಸಿವಾಗುತ್ತಿದೆ ಎಂದರು. ನನ್ನ ಮನೆಯಿಂದಲೇ ಅನ್ನ, ಅವರೆಕಾಳು ಸಾರು ತಂದು ಬಡಿಸಿದೆ. ಅವಳು ಬರುವ ಹೊತ್ತಿಗೆ ಎರಡನೇ ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು. ದೇವರು ಬಲ ಕೊಟ್ಟನಂತಲ್ಲ ಎಂದು ಬಾವ ಕೇಳಿದ್ದಕ್ಕೆ ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನನ್ನ ಕೈಯಿಂದ ಸೌಟು ಇಸಿದುಕೊಂಡಳು, ಇನ್ನೊಂದು ಸ್ವಲ್ಪ ಸಾರು ಹಾಕಲೇ ಎಂದು ಅವರನ್ನು ಕೇಳಿದಳು. ಎಷ್ಟು ಜಂಬ ನೋಡಿ, ಹೂವಿನ ಬಗ್ಗೆ ಒಂದು ಮಾತು ಆಡಲಿಲ್ಲ ಎಂದುಕೊಂಡೆ.

ದೇವರು ಮಾತು ಕೊಟ್ಟ ಮೇಲೆ ಮನುಷ್ಯರು ನೆಮ್ಮದಿಯಾಗಿ ಇರಬೇಕು ತಾನೇ? ಇವಳು ಇರಲಿಲ್ಲ. ಮುಂದಿನ ವಾರವೇ ಟ್ರ್ಯಾಕ್ಟರ್ ಕಲಿಯುತ್ತೇನೆ ಎಂದು ಹಟ ಹಿಡಿದಳು. ಬಾವ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಕೈ ಎತ್ತಿ ಎಡಕ್ಕೆ ಬಲಕ್ಕೆ ತೋರಿಸುವುದು, ಇವಳು ಸೀರೆಯ ಮೇಲೆ ಗಂಡನ ಷರಟು ತೊಟ್ಟುಕೊಂಡು ಓಡಿಸುವುದು. ಮೊದಲ ದಿನ ಬೇಲಿಗೆ ನುಗ್ಗಿಸಿದಳು. ಊರೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಆ ವರ್ಷದ ನಾಟಿಯ ಹೊತ್ತಿಗೆ ಕೆಸರುಗದ್ದೆಯನ್ನು ಮೂಲೆ ಬಿಡದೆ ಉಳುತ್ತಿದ್ದಳು, ನನ್ನ ನಗು ಅಲ್ಲಿಗೆ ನಿಂತಿತು.

ಅಷ್ಟಕ್ಕೇ ಬಿಟ್ಟಳೇ? ನಾಲೆಯ ನೀರು ಬಿಡುವ ನೀರುಗಂಟಿ ಮಂಟಯ್ಯನ ಹತ್ತಿರ ಗಂಡನ ಜೊತೆ ಹೋಗಿ, ಸರದಿ ಹೇಗೆ, ತೂಬು ಯಾವಾಗ ಎತ್ತುತ್ತಾರೆ ಎಂದು ಕೇಳಿ ತಿಳಿದುಕೊಂಡಳು. ಭತ್ತದ ಮಿಲ್ಲಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಇವಳೇ ನಮ್ಮ ಶಿವಾನಿ ಎಂದು ಮಿಲ್ಲಿನವನಿಗೆ ಮುಖ ಪರಿಚಯ ಮಾಡಿಸಿದಳು. ಎಚ್.ಡಿ. ಕೋಟೆಯಲ್ಲಿದ್ದ ಅವಳ ತಮ್ಮ ಶಿವಾನಿಗೆ ಒಳ್ಳೆಯ ಸಂಬಂಧ ತಂದಿದ್ದ. ಬಾವನ ಕಣ್ಣ ಮುಂದೆ ಒಂದು ಮದುವೆ ಮುಗಿಸಿಬಿಡಿ ಎಂದು ನಾವೆಲ್ಲ ಹೇಳಿದೆವು. ಹುಡುಗಿ ದನದ ಡಾಕ್ಟರಿಕೆಯ ಡಿಪ್ಲೊಮಾ ಮುಗಿಸಲಿ, ಗಾಬರಿಯಲ್ಲಿ ಮದುವೆ ಮಾಡುವುದು ಬೇಡ ಎಂದು ತಮ್ಮನಿಗೆ ಕಾಫಿ ಕೊಟ್ಟು ಕಳಿಸಿದಳು. ಕೊನೆಗೆ ತಾಲ್ಲೂಕು ಆಫೀಸಿಗೂ ಹೋಗಿ, ಗಂಡನ ಕೈಯಲ್ಲೇ ಸಹಿ ಹಾಕಿಸಿ, ಗದ್ದೆಯನ್ನು ತನ್ನ ಮತ್ತು ಮಗಳ ಹೆಸರಿಗೆ ಮಾಡಿಸಿಕೊಂಡು ಬಂದಳು. ಗಂಡ ಕಣ್ಣೆದುರಿಗೆ ಗುಂಡುಕಲ್ಲಿನ ಹಾಗೆ ಕೂತಿರುವಾಗ!

ಅವತ್ತು ನನಗೆ ತಡೆಯಲಾಗಲಿಲ್ಲ. ನಲ್ಲಿಯ ಹತ್ತಿರ ನಾಲ್ಕು ಹೆಂಗಸರ ಮುಂದೆ ಹೇಳಿದೆ, ಬಲಗಡೆ ಹೂ ಪಡೆದವಳು ಹೀಗೆ ಮಾಡಿದರೆ ದೇವರ ಮಾತನ್ನೇ ನಂಬದ ಹಾಗಾಯಿತು, ಇದು ಅಪಶಕುನ, ಗಂಡನ ಆಯಸ್ಸಿಗೆ ಕೊಡಲಿ ಹಾಕುತ್ತಿದ್ದಾಳೆ ಎಂದು. ಮಾತು ಅವಳ ಕಿವಿಗೂ ಬಿತ್ತು. ಜಗಳಕ್ಕೆ ಬರುತ್ತಾಳೆ ಎಂದು ಕಾದೆ, ಸೊಂಟ ಕಟ್ಟಿಕೊಂಡೇ ಕಾದೆ. ಬರಲಿಲ್ಲ. ನನ್ನ ಜೊತೆ ಜಗಳವಾಡುವಷ್ಟು ಕೂಡ ನಾನು ಅವಳಿಗೆ ಲೆಕ್ಕಕ್ಕಿಲ್ಲ.

ಇನ್ನೂ ಉರಿಯುತ್ತಿದ್ದದ್ದು ಬಾವನನ್ನು ನೋಡಿದಾಗ. ಮನುಷ್ಯ ಗೆಲುವಾಗಿಬಿಟ್ಟಿದ್ದರು. ಬದುವಿನ ಮೇಲೆ ಕೂತು ಬಂದವರಿಗೆಲ್ಲ, ನನಗೇನಾಗುತ್ತದೆ, ಸಿದ್ಧೇಶ್ವರ ಬಲ ಕೊಟ್ಟಿದ್ದಾನೆ ಎನ್ನುತ್ತಿದ್ದರು. ಹೆಂಡತಿಯ ಉಳುಮೆಯನ್ನು ಊರಿಗೆಲ್ಲ ತೋರಿಸುತ್ತಿದ್ದರು. ನನ್ನ ಗಂಡ ಮದುವೆಯಾದಾಗಿನಿಂದ ನನ್ನ ಒಂದು ಸಾರನ್ನು ಚೆನ್ನಾಗಿದೆ ಎಂದವರಲ್ಲ. ಸಂಜೆ ಅವರಿಬ್ಬರೂ ಜಗುಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸಿಕೊಂಡು ನಗುತ್ತಿದ್ದರೆ, ನಾನು ಬೇಕೆಂದೇ ಪಾತ್ರೆಯನ್ನು ಜೋರಾಗಿ ಇಡುತ್ತಿದ್ದೆ.

ಹೀಗೆ ಎರಡು ವರ್ಷ ಕಳೆಯಿತು. ಮೂರನೇ ವರ್ಷ ನಾಟಿಗೆ ಗದ್ದೆ ಹಸನು ಮಾಡುತ್ತಿದ್ದ ಒಂದು ಬೆಳಿಗ್ಗೆ ಶಿವರುದ್ರಮ್ಮ ಟ್ರ್ಯಾಕ್ಟರನ್ನು ಬದುವಿನ ಕೊನೆಯಲ್ಲಿ ತಿರುಗಿಸಿದಾಗ ಬಾವನ ಕೈ ಎದ್ದಿರಲಿಲ್ಲ. ಕುರ್ಚಿಯಲ್ಲಿ ಕೂತ ಹಾಗೇ ಹೋಗಿದ್ದರು. ಪಕ್ಕದ ಗದ್ದೆಯಲ್ಲಿದ್ದ ನಾನು ಓಡಿ ಬಂದೆ. ಅವಳು ಕೆಸರಿನ ಕೈಯನ್ನು ಮೊದಲು ಸೆರಗಿಗೆ ಒರೆಸಿಕೊಂಡು ಆಮೇಲೆ ಅವರ ಮುಖ ಮುಟ್ಟಿದಳು. ಜೋರಾಗಿ ಅತ್ತಳು. ಅವಳು ಅಷ್ಟು ಜೋರಾಗಿ ಅಳಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ.

ಬಾವನ ಶಿವಗಣಾರಾಧನೆಯ ದಿನ ನೆಂಟರೆಲ್ಲ ಸೇರಿದ್ದರು. ಊಟವಾದ ಮೇಲೆ ನಮ್ಮವರ ಚಿಕ್ಕಪ್ಪ ಚಿಕ್ಕಣ್ಣ ಎಲೆಅಡಿಕೆ ಹಾಕಿಕೊಂಡು ಮಾತು ತೆಗೆದರು. ಇನ್ನು ಮೇಲೆ ಗದ್ದೆಯನ್ನು ವಿರೂಪಾಕ್ಷ ನೋಡಿಕೊಳ್ಳಲಿ, ಹೆಂಗಸರು ಮನೆಯಲ್ಲಿರಲಿ, ವರ್ಷಕ್ಕಿಷ್ಟು ಭತ್ತ ಅಳೆದುಕೊಟ್ಟರಾಯಿತು ಎಂದರು. ನಾನು ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತಿದ್ದೆ. ಶಿವರುದ್ರಮ್ಮ ಒಳಗಿನಿಂದ ಬಂದಳು. ತಲೆ ಬಗ್ಗಿಸಿಕೊಂಡೇ ಮಾತಾಡಿದಳು.

"ನಿಮ್ಮ ಮಾತ್ನ ತಗ್ದಾಕ್ತೀನಿ ಅಂತಲ್ಲ ಮಾವ. ನಾಳೆ ನೀರಿನ ಸರದಿ ನಮ್ದು, ಮಂಟಯ್ಯ ಆಗ್ಲೇ ಯೋಳ್ಕಳ್ಸವ್ನೆ. ನಾನು ಓಗ್ಬೇಕು."

ಮಾತಾಡುವುದಕ್ಕೆ ಏನು ಉಳಿದಿತ್ತು? ಉಳುವುದು ಅವಳಿಗೆ ಬರುತ್ತದೆ, ನೀರು ಅವಳನ್ನು ಕೇಳಿ ಬರುತ್ತದೆ, ಹೆಸರು ಅವಳದ್ದಿದೆ, ಮಗಳು ಇನ್ನಾರು ತಿಂಗಳಿಗೆ ದುಡಿಯುವವಳು. ಚಿಕ್ಕಣ್ಣ ಎಲೆಅಡಿಕೆ ಉಗಿಯಲು ಎದ್ದು ಹೋದರು. ಅವಳು ನನ್ನ ಬಾಗಿಲಿಗೆ ಬರುವುದಿಲ್ಲ ಎನ್ನುವುದು ಅವತ್ತು ಖಾತ್ರಿಯಾಯಿತು.

ನನಗೆ ಮೈಯೆಲ್ಲ ಉರಿ. ಅವಳಿಗೂ ಒಂದು ಸಲ ಉರಿಯಲಿ ಎಂದು ಹಿತ್ತಲಿಗೆ ಹೋದೆ. ಅವಳು ಬಾವನ ಷರಟುಗಳನ್ನು ಒಗೆದು ಹರವುತ್ತಿದ್ದಳು. ನಿನ್ನ ದೇವರು ಬಲಗಡೆ ಹೂ ಕೊಟ್ಟು ನಿನಗೂ ಮೋಸ ಮಾಡಿದನಲ್ಲಕ್ಕ, ಅವನು ಕೊಟ್ಟ ಮಾತು ಎಲ್ಲಿಗೆ ಹೋಯಿತು ಎಂದು ಕೇಳಿದೆ.

ಅವಳು ಷರಟು ಹಿಂಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ.

"ನಿಮ್ಮೂರಲ್ಲಿ ಕೇಳೋರ ಬಲ ನೋಡ್ತಾರೆ ಪುಷ್ಪಾ. ಇಲ್ಲಿ ದ್ಯಾವ್ರ ಬಲ ನೋಡೋದು. ಎದುರಿಗೆ ನಿಂತ್ರೆ ನಮ್ಮ ಬಲ ಅವ್ನಿಗೆ ಎಡ ಅಲ್ವಾ. ಅವತ್ತು ಬಿದ್ದಿದ್ದು ಅವ್ನ ಎಡಗಡೆ ಹೂವ ಕಣವ್ವ. ಬ್ಯಾಡ ಅಂದ್ಬುಟ್ಟ."

ಹಾಗಾದರೆ ಯಾಕೆ ಹೇಳಲಿಲ್ಲ ಎಂದೆ.

"ನೀನು ಬಂದು ಯೋಳ್ಬುಟ್ಟಿದ್ದೆ. ನಾನು ಬರೋ ಒತ್ಗೆ ಇವ್ರು ಉಣ್ತಾ ಕುಂತಿದ್ರು. ತಟ್ಟೆ ಮುಂದೆ ಎಂಗ್ ಯೋಳ್ಲಿ? ಕಂಠಪ್ಪಂಗೂ ಸುಮ್ನಿರಪ್ಪ ಅಂದೆ."

ಅಂಥ ದೇವರ ಪೂಜೆಗೆ ಆಮೇಲೂ ಪ್ರತಿ ಸೋಮವಾರ ತಪ್ಪದೆ ಹೇಗೆ ಹೋದೆ ಎಂದು ಕೇಳಿದೆ. ಅವಳು ಷರಟನ್ನು ತಂತಿಯ ಮೇಲೆ ಹಾಕಿ ಸುಕ್ಕು ತೆಗೆದಳು.

"ಉಳ್ಸು ಅಂತ ಕೇಳ್ದೆ, ಆಗಲ್ಲ ಅಂದ. ನಿಮ್ಮ ಕೈ ಬುಡ್ತೀನಿ ಅಂತ ಅನ್ನಲಿಲ್ವಲ್ಲ. ಅವ್ನು ಕೈ ಬುಡಲ್ಲ ಅನ್ನೋದ ಗಟ್ಟಿಯಾಗಿ ಇಟ್ಕಂಡೆ, ಮಿಕ್ಕಿದ್ದೆಲ್ಲ ನಾನು ಮಾಡ್ಬೇಕಾದ್ದು ಅಂತ ಮಾಡ್ದೆ."

ಇಷ್ಟು ಹೇಳಿ, ನಾಳೆ ಬೆಳಿಗ್ಗೆ ನೀರು ಬಂದರೆ ನಿಮ್ಮ ಕಡೆಯ ಬದುವನ್ನೂ ಒಂದು ಸಲ ನೋಡಲು ವಿರೂಪಾಕ್ಷನಿಗೆ ಹೇಳು, ಅಲ್ಲಿ ಏಡಿ ತೂತು ಮಾಡಿದೆ ಎಂದಳು. ಖಾಲಿ ಬಕೆಟ್ ತೆಗೆದುಕೊಂಡು ಒಳಗೆ ಹೋದಳು.

ದೇವರು ಅವಳಿಗೆ ಕೊಟ್ಟ ಎಂದು ಎರಡು ವರ್ಷ ಉರಿದುಕೊಂಡಿದ್ದೆ. ಕೊಟ್ಟಿರಲೇ ಇಲ್ಲ ಎಂದು ಗೊತ್ತಾದ ಮೇಲೆ ಉರಿ ಆರಬೇಕಿತ್ತು. ಆರಲಿಲ್ಲ, ಇನ್ನೂ ಹೆಚ್ಚಾಯಿತು. ಗದ್ದೆ ಅವಳದ್ದೇ ಇರಲಿ, ನಾಲೆಯ ನೀರೆಲ್ಲ ಅವಳಿಗೇ ಹೋಗಲಿ, ಅದಕ್ಕಲ್ಲ. ಕಂಠಪ್ಪನನ್ನು ಕೇಳಿದರೆ ಈಗ ಹೂ ಕೇಳಬೇಕಾದವಳು ನಾನಂತೆ, ಗಂಡ ಇರುವ ಸೊಸೆ ಕೇಳುವುದು ವಾಡಿಕೆಯಂತೆ. ಇಷ್ಟು ವರ್ಷ ಹಂಬಲಿಸಿದ ಹಕ್ಕು ತಾನಾಗಿ ನನ್ನ ಮನೆಗೆ ಬಂದಿದೆ. ನಾನು ಇನ್ನೂ ಆ ಗುಡಿಯ ಮೆಟ್ಟಿಲು ಹತ್ತಿಲ್ಲ. ಎಡಗಡೆಯ ಹೂ ಬಿದ್ದರೆ ಮನೆಗೆ ಬಂದು ಗಂಡನಿಗೆ ಇನ್ನೊಂದು ಸ್ವಲ್ಪ ಸಾರು ಹಾಕಲೇ ಎಂದು ಕೇಳಲು ನನಗೆ ಬರುವುದಿಲ್ಲ.